ಸಾವಿರದ ನೂರ ಇಪ್ಪತ್ತೇಳನೇ ಅರ್ಜಿ

ತೀರ್ಥಲಾಲ್ ಅಮಾತ್ಯರಿಗೆ ಬರುವ ಒಂದು ಭಾಷೆ ಈಗ ಕಾಠ್ಮಂಡುವಿನಲ್ಲಿ ಯಾರಿಗೂ ಬೇಡ. ಅದು ರಾಜನಿಗೆ ಅರ್ಜಿ ಬರೆಯುವ ಭಾಷೆ. ಆ ಭಾಷೆಯಲ್ಲಿ ರಾಜ ನಮ್ಮ ನಿಮ್ಮ ಹಾಗೆ ಉಣ್ಣುವುದಿಲ್ಲ, ಮಲಗುವುದಿಲ್ಲ, ನಡೆದು ಹೋಗುವುದೂ ಇಲ್ಲ. ಎಲ್ಲಕ್ಕೂ ಬೇರೆಯದೇ ಮಾತು. ಅವನ ಹೆಸರಿನ ಮುಂದೆ ಶ್ರೀ ಐದು ಸಲ ಬರಬೇಕು. ಒಂದು ಶ್ರೀ ಕಮ್ಮಿಯಾದರೆ ಬೇಡಿಕೊಂಡವನ ಕಷ್ಟ ಎಷ್ಟೇ ದೊಡ್ಡದಿರಲಿ, ಕಾಗದ ಬಾಗಿಲಲ್ಲೇ ವಾಪಸ್. ತೀರ್ಥಲಾಲರ ತಂದೆ ಇದನ್ನೆಲ್ಲ ಮಗನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದರು. ಅಪ್ಪ ಮಗ ಇಬ್ಬರ ಆಯುಷ್ಯವೂ ಅರಮನೆಯ ಗೇಟಿನಿಂದ ಕಲ್ಲೆಸೆಯುವ ದೂರದ ಪಾದಚಾರಿ ದಾರಿಯಲ್ಲಿ, ಗಿಡ್ಡ ಮೇಜಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತೇ ಸವೆದಿತ್ತು.

ರಾಜ ಹೋದ. ಅರಮನೆ ಮ್ಯೂಸಿಯಂ ಆಯಿತು. ತೀರ್ಥಲಾಲರು ಮೇಜು, ಛತ್ರಿ ಎತ್ತಿಕೊಂಡು ಡಿಲ್ಲಿಬಜಾರಿನ ಭೂಕಂದಾಯ ಕಚೇರಿಯ ಎದುರಿಗೆ ಬಂದು ಕೂತರು. ಅಣ್ಣತಮ್ಮಂದಿರ ಪಾಲಿನ ಜಗಳ, ನಕ್ಷೆಯಲ್ಲಿ ತಪ್ಪಿದ ಗಡಿ, ಸತ್ತವನ ಹೆಸರಿನಿಂದ ಬದುಕಿದವನ ಹೆಸರಿಗೆ ಆಗಬೇಕಾದ ಖಾತೆ, ಹೀಗೆ ಬರೆಯುವುದಕ್ಕೇನೂ ಕೊರತೆಯಿರಲಿಲ್ಲ. ಸುತ್ತಲಿನವರು ಹಳೆಯ ರೂಢಿಯಂತೆ ‘ಮುಖಿಯಾ ಬಾ’, ಅಂದರೆ ಗುಮಾಸ್ತಪ್ಪ, ಎಂದೇ ಕರೆಯುತ್ತಿದ್ದರು. ಎಪ್ಪತ್ತನಾಲ್ಕು ವಯಸ್ಸಾದರೂ ಕೈ ನಡುಗುತ್ತಿರಲಿಲ್ಲ.

ರಾಜ ಮತ್ತೆ ಬರಬೇಕು ಎಂದು ಅವರಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಚಹಾದಂಗಡಿಯ ನಾನಿಮೈಯಾ ಅದನ್ನೇ ಎತ್ತಿ ಕಿಚಾಯಿಸುತ್ತಿದ್ದಳು. ಹೊಟ್ಟೆಪಾಡೇ ರಾಜನಿಂದ ನಡೆದಿತ್ತು, ಮುಖಿಯಾ ಬಾಗೆ ಕೃತಜ್ಞತೆಯೇ ಇಲ್ಲ ಎನ್ನುತ್ತಿದ್ದಳು. ಅವರು ಗ್ಲಾಸಿನೊಳಕ್ಕೆ ಮುಖ ಹಾಕಿ ನಗುತ್ತಿದ್ದರು. ರಾಜ ಬರುವುದು ಅವರಿಗೆ ಬೇಡವಾಗಿತ್ತು. ಅದಕ್ಕೆ ಕಾರಣ ಅವರ ಮನೆಯ ತಗಡಿನ ಪೆಟ್ಟಿಗೆಯಲ್ಲಿತ್ತು. ಇಪ್ಪತ್ತು ವರ್ಷದ ಹಿಂದೆ ಬರೆದು, ಅರಮನೆಗೆ ಮುಟ್ಟಿಸದೆ ಉಳಿಸಿಕೊಂಡ ಒಂದು ಅರ್ಜಿ ಅದು.

ಆ ವರ್ಷ ಬೆಟ್ಟಗಳಲ್ಲಿ ಮಾವೋವಾದಿಗಳ ಯುದ್ಧ ನಡೆದಿತ್ತು. ಗೋರ್ಖಾ ಕಡೆಯ ಫೂಲ್‌ಸರಿ ಆಲೆ ಎಂಬ ವಿಧವೆ ತೀರ್ಥಲಾಲರ ಮೇಜಿನ ಮುಂದೆ ಬಂದು ಕೂತಳು. ಮಗ ಖೀಮ್, ಹತ್ತೊಂಬತ್ತು ವಯಸ್ಸು, ಕೀರ್ತಿಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿದ್ದ. ಒಂದು ಬೆಳಿಗ್ಗೆ ನಂಬರ್ ಇಲ್ಲದ ಜೀಪು ಬಂತು. ಸಾದಾ ಬಟ್ಟೆಯವರು ಇಳಿದರು, ಹತ್ತು ನಿಮಿಷದ ಮಾತಿದೆ ಎಂದು ಕರೆದುಕೊಂಡು ಹೋದರು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತಂತೆ. ಎಂಟು ತಿಂಗಳಿಂದ ಫೂಲ್‌ಸರಿ ಪೊಲೀಸರ, ಸೈನ್ಯದ ಯಾವ ಗೇಟಿಗೆ ಹೋದರೂ ನಮ್ಮಲ್ಲಿಲ್ಲ ಎಂಬ ಒಂದೇ ಉತ್ತರ ಸಿಕ್ಕಿತ್ತು. ರಾಜ ತಮ್ಮ ಗೋರ್ಖಾದವನೇ, ಅವನ ಕಿವಿಗೆ ಬಿದ್ದರೆ ಸಾಕು, ಮಗ ಸಿಗುತ್ತಾನೆ ಎಂದು ಅವಳು ನಂಬಿ ಬಂದಿದ್ದಳು.

ತೀರ್ಥಲಾಲರು ತಮ್ಮ ಜೀವಮಾನದಲ್ಲೇ ಅಷ್ಟು ಚೆಂದದ ಅರ್ಜಿ ಬರೆದಿರಲಿಲ್ಲ. ನೀಲಿ ಸ್ವೆಟರು, ಮುಂದಿನ ಮುರುಕಲು ಹಲ್ಲು, ಉರಿಯುತ್ತಿದ್ದ ಒಲೆ, ಎಲ್ಲವೂ ಆ ದೊಡ್ಡ ದೊಡ್ಡ ಮಾತುಗಳ ನಡುವೆ ಒಂದೂ ಮುಕ್ಕಾಗದೆ ಬಂದಿತ್ತು. ಕೊನೆಯ ಸಾಲಿನಲ್ಲಿ ನಿಯಮದಂತೆ ಬರೆದವನ ಹೆಸರು ಹಾಕಿದರು. ಬರೆದವನ ಹೆಸರಿಲ್ಲದ ಕಾಗದವನ್ನು ಯಾವ ಕಚೇರಿಯೂ ಮುಟ್ಟುವುದಿಲ್ಲ. ಹಳ್ಳಿಯವರ ಅರ್ಜಿಯನ್ನು ಬರೆದವರೇ ಒಯ್ದು ಗೇಟಿನಲ್ಲಿ ಕೊಡುವ ಪದ್ಧತಿಯಿತ್ತು. ಹಾಗೆ ಹೋಗಿ ಸಾಲಿನಲ್ಲಿ ನಿಂತರು.

ಅವರ ಮುಂದೆ ಒಬ್ಬ ಮುದುಕ ಮೇಷ್ಟರು ನಿಂತಿದ್ದರು. ಅವರದೂ ಕಾಣೆಯಾದ ಮಗನ ಅರ್ಜಿ. ಕಾಗದ ತೆಗೆದುಕೊಂಡವನು ಎರಡು ಸಾಲು ಓದಿ, ನೇರ ಕೊನೆಯ ಸಾಲಿಗೆ ಹೋಗಿ, ಇದನ್ನು ಬರೆದುಕೊಟ್ಟ ಇವನು ಎಲ್ಲಿ ಕೂರುತ್ತಾನೆ ಎಂದು ಕೇಳಿದ. ಪಕ್ಕದಲ್ಲಿದ್ದ ಇಬ್ಬರು ಸಾದಾ ಬಟ್ಟೆಯವರು ಬಂದು, ಬನ್ನಿ ಮೇಷ್ಟ್ರೇ, ಚಹಾ ಕುಡಿಯೋಣ ಎಂದು ಮೇಷ್ಟರ ತೋಳು ಹಿಡಿದು ನಡೆಸಿಕೊಂಡು ಹೋದರು. ಬಹುಶಃ ಚಹಾ ಕುಡಿಸಿಯೇ ಮನೆಗೆ ಕಳಿಸಿದರೋ ಏನೋ. ತೀರ್ಥಲಾಲರು ಅದನ್ನು ತಿಳಿಯಲು ನಿಲ್ಲಲಿಲ್ಲ. ಮದುವೆಯಾಗಬೇಕಾದ ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲಿದ್ದರು. ಅರ್ಜಿಯನ್ನು ಕೋಟಿನ ಒಳಜೇಬಿಗೆ ತುರುಕಿ ಮನೆಗೆ ಬಂದು, ಮೊದಲು ಕತ್ತರಿಯಿಂದ ತಮ್ಮ ಹೆಸರಿದ್ದ ಕೊನೆಯ ಸಾಲನ್ನು ಕತ್ತರಿಸಿ ಒಲೆಗೆ ಹಾಕಿದರು. ಉಳಿದದ್ದನ್ನು ಸುಡಲು ಕೈ ಬರಲಿಲ್ಲ, ಪೆಟ್ಟಿಗೆಯೊಳಗಿಟ್ಟರು.

ಮರುದಿನ ಫೂಲ್‌ಸರಿ ಕಣ್ಣರಳಿಸಿಕೊಂಡು ಬಂದಳು. ಕೊಟ್ಟೆ ಎಂದುಬಿಟ್ಟರು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸುಳ್ಳು ಹೇಳುವವನಿಗೆ ಅದು ಅರೆಬರೆಯಾಗಿ ಕಾಣುತ್ತದಲ್ಲ, ಒಂದು ಚೀಟಿಯ ಮೇಲೆ ‘ದಾಖಲೆ ನಂಬರ್ ೧೧೨೭’ ಎಂದು ಬರೆದುಕೊಟ್ಟರು. ಎದುರು ನಿಂತಿದ್ದ ಟ್ಯಾಕ್ಸಿಯ ನಂಬರು ಅದು. ಅವಳು ಚೀಟಿಯನ್ನು ಮಡಚಿ ನಡುಪಟ್ಟಿಯೊಳಗೆ ಸಿಕ್ಕಿಸಿಕೊಂಡಳು. ಓದು ಬಾರದಿದ್ದರೂ ಆ ನಂಬರನ್ನು ಮಂತ್ರದಂತೆ ಬಾಯಿಪಾಠ ಮಾಡಿಕೊಂಡಳು.

ಎರಡು ತಿಂಗಳಿಗೆ ತಿಹಾರ್ ಹಬ್ಬ ಬಂತು. ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ಟೀಕಾ ಇಡುವ ದಿನ ತೀರ್ಥಲಾಲರು ಎಂದಿನಂತೆ ರಾಣಿಪೋಖರಿಗೆ ಹೊರಟಿದ್ದರು. ಕೆರೆಯ ನಡುವಿನ ಆ ಗುಡಿ ವರ್ಷಕ್ಕೆ ಅದೊಂದೇ ದಿನ ತೆರೆಯುತ್ತದೆ. ಒಡಹುಟ್ಟಿದವರು ಇಲ್ಲದವರು ಅಲ್ಲಿ ಸಾಲು ನಿಂತು ಪೂಜಾರಿಯ ಕೈಯಲ್ಲಿ ಟೀಕಾ ಇಡಿಸಿಕೊಳ್ಳುತ್ತಾರೆ. ಅವರ ಒಬ್ಬಳೇ ಅಕ್ಕ ಮದುವೆಗೂ ಮೊದಲೇ ತೀರಿಕೊಂಡಿದ್ದಳು. ಚಪ್ಪಲಿ ಮೆಟ್ಟುವ ಹೊತ್ತಿಗೆ ಬಾಗಿಲಲ್ಲಿ ಫೂಲ್‌ಸರಿ ನಿಂತಿದ್ದಳು. ಕೈಯಲ್ಲಿ ಮಖಮಲಿ ಹೂವಿನ ಮಾಲೆ, ಅಕ್ರೋಟು, ಎಣ್ಣೆಯ ಗಿಂಡಿ. ತನಗೂ ಅಣ್ಣತಮ್ಮಂದಿರಿಲ್ಲ, ತನ್ನ ಕಷ್ಟವನ್ನು ರಾಜನವರೆಗೆ ಮುಟ್ಟಿಸಿದವರಿಗಿಂತ ಅಣ್ಣ ಇನ್ಯಾರು ಎಂದಳು. ಅಂದಿನಿಂದ ಅವರು ಅವಳಿಗೆ ‘ದಾಜು’, ಅವಳು ಅವರಿಗೆ ‘ಬಹಿನಿ’.

ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ಯಮ ಒಳಗೆ ಬಾರದಂತೆ ಅವರ ಸುತ್ತ ಎಣ್ಣೆಯ ಗೆರೆ ಎಳೆದು, ಹೊಸ್ತಿಲಲ್ಲಿ ಅಕ್ರೋಟು ಕುಟ್ಟಿ ಒಡೆದು, ದಾಜುವಿನ ಶತ್ರುಗಳು ಹೀಗೇ ಪುಡಿಯಾಗಲಿ ಎನ್ನುತ್ತಿದ್ದಳು. ತೀರ್ಥಲಾಲರು ತಗಡಿನ ಪೆಟ್ಟಿಗೆ ಕಣ್ಣಿಗೆ ಬೀಳದಂತೆ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಮಖಮಲಿ ಹೂ ಒಣಗಿದರೂ ಬಣ್ಣ ಬಿಡುವುದಿಲ್ಲ. ಗೋಡೆಯ ಮೊಳೆಗೆ ಮಾಲೆಯ ಮೇಲೆ ಮಾಲೆ ಸೇರುತ್ತ ಹೋಯಿತು. ಹೆಣ್ಣುಮಕ್ಕಳು ಮದುವೆಯಾಗಿ ಹೋದರು, ಹೆಂಡತಿ ತೀರಿಕೊಂಡರು. ಕಡೆಗೆ ಅವರ ಮನೆಗೆ ಪ್ರೀತಿಯಿಂದ ಬಂದು ಕೂರುವ ಜೀವ ಎಂದರೆ ಫೂಲ್‌ಸರಿ ಒಬ್ಬಳೇ ಆದಳು. ಇನ್ನು ಹೇಳುವುದಾದರೂ ಹೇಗೆ?

ರಾಜನನ್ನು ಇಳಿಸಿದ ದಿನ ತೀರ್ಥಲಾಲರು ಒಳಗೊಳಗೇ ನಿಟ್ಟುಸಿರು ಬಿಟ್ಟಿದ್ದರು. ರಾಜನೇ ಇಲ್ಲವೆಂದ ಮೇಲೆ ಅರ್ಜಿಯ ಮಾತೂ ಮುಗಿಯಿತು ಎಂದುಕೊಂಡರು. ಫೂಲ್‌ಸರಿಗೆ ಅದು ಮುಗಿಯಲಿಲ್ಲ. ಅರಮನೆ ಮ್ಯೂಸಿಯಂ ಆದ ಮೇಲೆ ಟಿಕೆಟ್ ಕೊಂಡು ಒಳಗೆ ಹೋದಳು. ಹೊಟ್ಟೆಗೆ ಹುಲ್ಲು ತುಂಬಿ ನಿಲ್ಲಿಸಿದ ಹುಲಿಗಳನ್ನು, ಗಾಜಿನ ದೀಪಗಳನ್ನು ದಾಟಿ ದಾಟಿ ನಡೆದು, ಅರ್ಜಿಗಳನ್ನು ಇಟ್ಟಿರುವ ಕೋಣೆ ಯಾವುದು ಎಂದು ಕಾವಲಿನವನನ್ನು ಕೇಳಿದಳು. ಅವನು ನಗಲಿಲ್ಲ, ಅಂಥದ್ದೊಂದು ಇಲ್ಲ ಆಮಾ ಎಂದು ಮೆಲ್ಲಗೆ ಹೇಳಿ ಹೊರಗಿನ ಬೆಂಚಿನ ಮೇಲೆ ಕೂರಿಸಿದನಂತೆ. ಕಾಣೆಯಾದವರನ್ನು ಹುಡುಕಲು ಹೊಸ ಸರ್ಕಾರಗಳು ಆಯೋಗ ಮಾಡಿದವು. ಅಲ್ಲಿಯೂ ಅರ್ಜಿ ತುಂಬಿಸಿ ಕೊಟ್ಟಳು. ಸಾಹೇಬರು ಬದಲಾದರು, ಫಾರಂ ಬದಲಾಯಿತು, ಮತ್ತೆ ತುಂಬಿಸಿದಳು. ಒಂದೊಂದು ಫಾರಂ ತುಂಬಿಸಿದಾಗಲೂ ರಾಜನ ಮೇಲಿನ ಅವಳ ನಂಬಿಕೆ ಗಟ್ಟಿಯಾಯಿತು. ತಮ್ಮ ಕಾಲದಲ್ಲಿ ಹೋದದ್ದಲ್ಲ, ತಮಗೆ ಗೊತ್ತಿಲ್ಲ ಎಂದು ಇವರೆಲ್ಲ ಹೇಳಬಹುದು, ಯಾರ ಕಾಲದಲ್ಲಿ ಹೋದನೋ ಅವನು ಹಾಗೆ ಹೇಳುವಂತಿಲ್ಲ ಎಂಬುದು ಅವಳ ಲೆಕ್ಕ.

ಕಳೆದ ಚೈತ್ರದಲ್ಲಿ ಊರು ಮತ್ತೆ ಕಾವೇರಿತು. ‘ರಾಜ ಬರಲಿ, ದೇಶ ಉಳಿಯಲಿ’ ಎಂಬ ಕೂಗು ಬೀದಿಬೀದಿಯಲ್ಲಿ. ನಾನಿಮೈಯಾಳ ಅಂಗಡಿಯಲ್ಲಿ ದಿನವೂ ಅದೇ ಚರ್ಚೆ. ಸಂವಿಧಾನ ತಿದ್ದಬೇಕಾದರೆ ಸಂಸತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಕೈ ಎತ್ತಬೇಕು, ರಾಜನ ಕಡೆಯವರು ಬೆರಳಲ್ಲಿ ಎಣಿಸುವಷ್ಟು, ಹೀಗಿರುವಾಗ ರಾಜ ಆಕಾಶದಿಂದ ಉದುರುತ್ತಾನೆಯೇ ಎಂದು ಭೂಮಾಪಕರೊಬ್ಬರು ಕೇಳುತ್ತಿದ್ದರು. ಪ್ರಧಾನಿಯ ಕುರ್ಚಿಯಲ್ಲಿ ಮೂರೇ ಮೂರು ಜನ ಸರದಿಯ ಮೇಲೆ ಕೂರುವುದನ್ನು ನೋಡಿ ಸಾಕಾಗಿದೆ, ಒಬ್ಬನೇ ಕೂತರೆ ಕುರ್ಚಿಯಾದರೂ ಸವೆಯುವುದು ತಪ್ಪುತ್ತದೆ ಎಂದು ನಾನಿಮೈಯಾ. ರಾಜನ ಮೇಲಿನ ಪ್ರೀತಿಯಿಂದ ಕೂಗುವವರಿಗಿಂತ ಇವರ ಮೇಲಿನ ಹೇಸಿಗೆಯಿಂದ ಕೂಗುವವರೇ ಹೆಚ್ಚು ಎಂದು ತೀರ್ಥಲಾಲರಿಗೆ ಕಾಣುತ್ತಿತ್ತು. ಹೇಸಿಗೆಯಿಂದ ರಾಜ ಬರುತ್ತಾನೆಯೇ? ಬರುವುದಿಲ್ಲ ಎಂದೇ ಅವರ ಎಣಿಕೆ, ಅದೇ ಅವರ ಸಮಾಧಾನ ಕೂಡ.

ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನ ಫೂಲ್‌ಸರಿ ಬಂದಳು. ನಡು ಬಗ್ಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಛತ್ರಿಯ ನೆರಳಿಗೆ ಕೂತು, ನಡುಪಟ್ಟಿಯಿಂದ ಚೀಟಿ ತೆಗೆದಳು. ಅದರ ಮಡಿಕೆಗಳು ಹರಿದು ಅಂಟಿನ ಪಟ್ಟಿಯ ಮೇಲೆ ನಿಂತಿದ್ದವು. ನಾಳೆ ತಾನೂ ಹೋಗುತ್ತೇನೆ, ಅಲ್ಲಿ ರಾಜನ ಕಡೆಯ ದೊಡ್ಡವರು ಬರುತ್ತಾರಂತೆ, ಚೀಟಿ ತೋರಿಸುತ್ತೇನೆ, ನಂಬರ್ ಇದ್ದರೆ ಕಡತ ಸಿಕ್ಕೇ ಸಿಗುತ್ತದೆ ಎಂದಳು.

ಸಾವಿರ ಜನರ ಮುಂದೆ ಇವಳು ಟ್ಯಾಕ್ಸಿಯ ನಂಬರನ್ನು ಹಿಡಿದು ನಿಲ್ಲುವುದು ತೀರ್ಥಲಾಲರ ಕಣ್ಣಿಗೆ ಕಟ್ಟಿತು. ನೋಡಿದವನು ನಕ್ಕುಬಿಟ್ಟರೆ? ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಬಹಿನಿ, ಆ ಚೀಟಿ ತೋರಿಸ್ಬೇಡ.”

“ಯಾಕೆ ದಾಜು?”

“ಅದು ನಾನು ಬರೆದಿದ್ದು.”

“ಗೊತ್ತಲ್ಲ. ನನ್ನೆದುರಿಗೇ ಬರೆದ್ರಿ.”

“ನಂಬರೂ ನಂದೇ. ಅರ್ಜಿ ನಾನು ಕೊಡ್ಲೇ ಇಲ್ಲ. ಹೆದರ್ಕೊಂಡು ವಾಪಸ್ ಬಂದೆ. ಮನೇಲಿದೆ.”

ಹೇಳಿದ ಮೇಲೆ ತಲೆ ಎತ್ತಲಿಲ್ಲ. ಬೈಗುಳ ಬೀಳಲಿ ಎಂದು ಕಾದರು, ಹೊಡೆದರೂ ಹೊಡೆಯಲಿ ಎಂದುಕೊಂಡರು. ಫೂಲ್‌ಸರಿ ಮೆಲ್ಲಗೆ ಕೇಳಿದಳು.

“ಅಂದ್ರೆ ರಾಜಂಗೆ ಗೊತ್ತೇ ಇಲ್ವಾ?”

ತೀರ್ಥಲಾಲರು ನೋಡಿದರು. ಅವಳ ಮುಖ ಅರಳಿತ್ತು. ಇಪ್ಪತ್ತು ವರ್ಷ ಅವಳು ಒಂದು ಮಾತನ್ನು ಯಾರ ಮುಂದೆಯೂ ಆಡದೆ ಹೊತ್ತುಕೊಂಡಿದ್ದಳು. ರಾಜ ತನ್ನ ಅರ್ಜಿ ಓದಿದ, ಓದಿಯೂ ಸುಮ್ಮನಾದ ಎಂಬ ಮಾತು. ಈಗ ಆ ಭಾರ ಇಳಿದುಹೋಗಿತ್ತು. ರಾಜ ಓದಿಲ್ಲ, ಓದಿದ್ದರೆ ಬಿಡಿಸುತ್ತಿದ್ದ, ಓದಿದರೆ ಈಗಲೂ ಬಿಡಿಸುತ್ತಾನೆ. ಅವಳ ಕಣ್ಣೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ತೀರ್ಥಲಾಲರು ಬೇಡವೆಂಬಂತೆ ಕೈ ಅಡ್ಡ ಮಾಡಿದರು. ಅದು ಹಾಗಲ್ಲ, ಓದಿದ್ದರೂ ಏನೂ ಆಗುತ್ತಿರಲಿಲ್ಲವೇನೋ, ಆ ಜೀಪು ಯಾರದ್ದೋ ಯಾರಿಗೆ ಗೊತ್ತು ಎಂದು ತೊದಲಿದರು.

“ನೀವು ಸುಮ್ನಿರಿ ದಾಜು. ಇಷ್ಟು ವರ್ಷ ಸುಮ್ನೇ ಇದ್ರಲ್ಲ.”

ಅವಳ ದನಿ ಏರಲೂ ಇಲ್ಲ. ಈಗಲೇ ಆ ಕಾಗದ ಬೇಕು ಎಂದಳು. ಮನೆಗೆ ಬಂದು, ಮಾಲೆಗಳ ಕೆಳಗೆ ಕೂತು, ಪೂರ್ತಿ ಓದಿಸಿಕೊಂಡಳು. ತೀರ್ಥಲಾಲರ ಬಾಯಲ್ಲಿ ಆ ಸತ್ತ ಭಾಷೆ ಮತ್ತೆ ಎದ್ದು ಕೂತಿತು. ಸ್ವೆಟರಿನ ಮಾತು ಬಂದಾಗ ಅವಳು ಹೌದೆಂದು ತಲೆದೂಗಿದಳು. ಹೊಸದಾಗಿ ಬರೆದುಕೊಡುತ್ತೇನೆ, ಇವತ್ತಿನ ತಾರೀಖು ಹಾಕಿ, ಖೀಮನ ವಯಸ್ಸನ್ನೂ ಮೂವತ್ತೊಂಬತ್ತು ಎಂದು ತಿದ್ದುತ್ತೇನೆ ಎಂದರು ತೀರ್ಥಲಾಲರು.

“ಬೇಡ. ಹತ್ತೊಂಬತ್ತು ಅಂತಾನೇ ಇರ್ಲಿ. ಮೂವತ್ತೊಂಬತ್ತರವನನ್ನ ನಾನು ನೋಡೇ ಇಲ್ಲ, ಗುರುತು ಹ್ಯಾಗೆ ಹೇಳ್ಲಿ?”

ಮತ್ತೇನೂ ತಿದ್ದಲಿಲ್ಲ. ಕತ್ತರಿಸಿದ ಅಂಚಿಗೆ ಒಂದು ಹೊಸ ಚೂರು ಕಾಗದ ಅಂಟಿಸಿ, ಅದರ ಮೇಲೆ ‘ಬರೆದವರು: ತೀರ್ಥಲಾಲ್ ಅಮಾತ್ಯ’ ಎಂದು ಸ್ಪಷ್ಟವಾಗಿ ಬರೆದರು. ಇಪ್ಪತ್ತು ವರ್ಷ ತಡವಾಗಿ ಬಂದ ಧೈರ್ಯವದು. ಈಗ ಆ ಹೆಸರು ನೋಡಿ ಚಹಾಕ್ಕೆ ಕರೆಯುವವರು ಯಾರೂ ಇರಲಿಲ್ಲ.

ಮರುದಿನ ಅವರೂ ಜೊತೆಗೆ ಹೋದರು. ಅವಳು ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಜನಸಾಗರ, ಬಾವುಟ, ಧೂಳು. ಪೊಲೀಸರ ಸಾಲು ದೂರದಲ್ಲಿ ಕಾಣುತ್ತಿತ್ತು. ಫೂಲ್‌ಸರಿ ಅರ್ಜಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಮೊಣಕೈಯಿಂದ ದಾರಿ ಮಾಡಿಕೊಂಡು, ವೇದಿಕೆಯ ಹತ್ತಿರ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಸುವರ್ಣ ಕಾರ್ಕಿ ಎಂಬ ಮುಂದಾಳುವಿನ ಮುಂದೆ ಹೋಗಿ ನಿಂತಳು. ಅವನು ಮೂರು ಫೋನುಗಳ ನಡುವೆ ಬೆವರುತ್ತಿದ್ದ. ಕಾಗದದ ಮೇಲಿನ ಐದು ಶ್ರೀ ನೋಡಿ ಕೈ ಮುಗಿದು, ಮಡಚಿ, ಹೆಗಲಿನ ಚೀಲಕ್ಕೆ ಹಾಕಿಕೊಂಡ. ಮಹಾರಾಜರು ಬಂದ ಮೊದಲನೇ ದಿನವೇ ಇದನ್ನು ಮುಟ್ಟಿಸುತ್ತೇನೆ ಆಮಾ ಎಂದ. ಸುಳ್ಳು ಹೇಳುತ್ತಿದ್ದ ಎನ್ನುವಂತಿರಲಿಲ್ಲ. ಅವನ ಕಣ್ಣಂಚೂ ಒದ್ದೆಯಾಗಿತ್ತು.

“ನಂಬರ್ ಕೊಡಿ” ಎಂದಳು ಫೂಲ್‌ಸರಿ.

“ಏನ್ ನಂಬರ್ ಆಮಾ?”

“ಅರ್ಜಿ ತಗೊಂಡ್ರಲ್ಲ, ಅದರ ನಂಬರ್.”

ಸುವರ್ಣ ಕಾರ್ಕಿ ಪೆನ್ನು ತೆಗೆದ. ಕರಪತ್ರದ ಬೆನ್ನಿನ ಮೇಲೆ ಬರೆಯುವ ಮೊದಲು ಅವನ ಕಣ್ಣು ಅವಳ ಹೆಗಲಿನಾಚೆ, ರಸ್ತೆಬದಿಯಲ್ಲಿ ನಿಲ್ಲಿಸಿದ್ದ ಬಸ್ಸಿನ ಕಡೆಗೆ ಹೋಗಿ ಬಂತು. ತೀರ್ಥಲಾಲರು ಅದನ್ನು ನೋಡಿದರು. ತಡೆಯಬೇಕೆಂದು ಎತ್ತಿದ ಕೈಯನ್ನು ಹಾಗೇ ಇಳಿಸಿದರು. ಯಾವ ಬಾಯಿಂದ ತಡೆಯುವುದು? ಅಷ್ಟರಲ್ಲಿ ಎಲ್ಲೋ ಅಶ್ರುವಾಯು ಸಿಡಿಯಿತು. ಜನ ಚೆಲ್ಲಾಪಿಲ್ಲಿಯಾಗಿ ಓಡತೊಡಗಿದರು. ಇಬ್ಬರು ಮುದಿಜೀವಗಳು ಒಬ್ಬರ ಕೈ ಒಬ್ಬರು ಹಿಡಿದು, ಕೆಮ್ಮುತ್ತ, ಒಂದು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತರು.

ಕಣ್ಣು ತೊಳೆದುಕೊಂಡ ಮೇಲೆ ಫೂಲ್‌ಸರಿ ಹೊಸ ಚೀಟಿಯನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡಳು. ಹಳೆಯದನ್ನು ಬಿಡಿಸಿ ತೀರ್ಥಲಾಲರ ಅಂಗೈಯಲ್ಲಿಟ್ಟಳು.

“ರಾಜನ ತಪ್ಪಿಲ್ಲ ದಾಜು. ತಪ್ಪು ನಿಮ್ದು. ಅವನು ಬಂದು, ಉತ್ತರ ಕೊಟ್ಟ ದಿನ ನಾನು ಮಾಲೆ ತಗೊಂಡು ಬರ್ತೀನಿ. ಅಲ್ಲೀವರೆಗೂ ಬರಲ್ಲ.”

ಅವಳು ಎದ್ದು, ಬಗ್ಗಿದ ನಡುವಿನ ಮೇಲೆ ಕೈಯಿಟ್ಟುಕೊಂಡು, ಬಸ್‌ಪಾರ್ಕಿನ ಕಡೆಗೆ ನಡೆದಳು.

ಅಲ್ಲಿಂದ ತೀರ್ಥಲಾಲರಿಗೆ ಹಿಡಿದದ್ದು ಹುಚ್ಚೇ ಸರಿ. ರಾಜ ಬರುವುದಿಲ್ಲ ಎಂಬ ಸಮಾಧಾನದ ಮೇಲೆ ಬದುಕಿದ್ದ ಮನುಷ್ಯ, ಈಗ ರಾಜ ಬಂದಾನೆಯೇ ಎಂದು ದಿನವೂ ಪತ್ರಿಕೆಯ ಮೂಲೆ ಮೂಲೆ ಹುಡುಕತೊಡಗಿದರು. ಸಂಸತ್ತಿನಲ್ಲಿ ಯಾರ ಕಡೆ ಎಷ್ಟು ಜನ ಎಂದು ಭೂಮಾಪಕರನ್ನು ಕೇಳಿ ಬೇಸರ ತರಿಸಿದರು. ಮುಖಿಯಾ ಬಾಗೆ ಈ ವಯಸ್ಸಿನಲ್ಲಿ ರಾಜಭಕ್ತಿ ಉಕ್ಕಿದೆ ಎಂದು ನಾನಿಮೈಯಾ ನಕ್ಕಳು. ಭಾದ್ರಪದದಲ್ಲಿ ಹುಡುಗರು ರಸ್ತೆಗಿಳಿದರು, ಎರಡೇ ದಿನಕ್ಕೆ ಸರ್ಕಾರ ಉರುಳಿತು, ಸರ್ಕಾರದ ಕಚೇರಿಗಳಿದ್ದ ಸಿಂಹದರ್ಬಾರ್ ಹೊತ್ತಿ ಉರಿಯಿತು. ಊರೆಲ್ಲ ಸತ್ತವರಿಗಾಗಿ ಅಳುತ್ತಿರುವಾಗ ತೀರ್ಥಲಾಲರು ಮಹಡಿಯ ಮೇಲೆ ನಿಂತು ಹೊಗೆ ನೋಡುತ್ತ, ಈಗ ಬರುತ್ತಾನೆ, ಈಗ ಬರದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ನ್ಯಾಯಾಧೀಶೆಯಾಗಿದ್ದ ಹೆಂಗಸೊಬ್ಬರು ಪ್ರಧಾನಿಯಾದರು. ಅಷ್ಟು ದೊಡ್ಡ ಬೆಂಕಿಯ ಮೇಲೂ ರಾಜ ಬರಲಿಲ್ಲ.

ತಿಹಾರ್ ಬಂತು. ಟೀಕಾದ ದಿನ ತೀರ್ಥಲಾಲರು ಸ್ನಾನ ಮಾಡಿ, ಚಾಪೆ ಹಾಸಿ, ಬಾಗಿಲು ತೆರೆದಿಟ್ಟು ಕೂತರು. ಮುಹೂರ್ತ ಮೀರಿತು. ಪಕ್ಕದ ಮನೆಗಳಲ್ಲಿ ಅಕ್ರೋಟು ಒಡೆಯುವ ಸದ್ದೆಲ್ಲ ಮುಗಿದ ಮೇಲೆ ಎದ್ದು ರಾಣಿಪೋಖರಿಗೆ ಹೋದರು. ಯಾರೂ ಇಲ್ಲದವರ ಸಾಲು ಸೇತುವೆಯ ತುಂಬ ಇತ್ತು. ಒಂದು ಗಂಟೆ ನಿಂತು ಪೂಜಾರಿಯ ಮುಂದೆ ಬಂದರು. ಪೂಜಾರಿ ಬಣ್ಣದ ಬೆರಳನ್ನು ಹಣೆಯ ಹತ್ತಿರ ತರುವಾಗ ತೀರ್ಥಲಾಲರು ಮುಖ ಹಿಂದಕ್ಕೆಳೆದುಕೊಂಡರು.

“ನಂಗೆ ತಂಗಿ ಇದ್ದಾಳೆ.”

“ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ? ಅವಳ ಹತ್ರ ಹೋಗಿ.”

ತೀರ್ಥಲಾಲರು ಸಾಲು ಬಿಟ್ಟು, ಬರಿಯ ಹಣೆಯಲ್ಲಿ ಹೊರಬಂದರು. ಬೀದಿಯಲ್ಲಿ ಎದುರಾದ ಗಂಡಸರ ಹಣೆಗಳ ಮೇಲೆಲ್ಲ ಏಳು ಬಣ್ಣ. ರತ್ನಪಾರ್ಕಿನ ಮೂಲೆಯಲ್ಲಿ ಹತ್ತು ಹನ್ನೆರಡು ಜನ ಒಂದು ಹಳೆಯ ಬಾವುಟ ಹಿಡಿದುಕೊಂಡು ರಾಜ ಬರಲಿ ಎಂದು ಕೂಗುತ್ತಿದ್ದರು. ಹಬ್ಬದ ದಿನ, ಯಾರೂ ನಿಂತು ನೋಡುತ್ತಿರಲಿಲ್ಲ. ತೀರ್ಥಲಾಲರು ಅವರನ್ನು ದಾಟಿ ನಾಲ್ಕು ಹೆಜ್ಜೆ ಹೋದರು, ತಿರುಗಿ ಬಂದರು, ಅವರ ಹಿಂದೆ ನಿಂತರು. ಅರಮನೆಗೆ ಬರೆಯುವ ಭಾಷೆ ಅವರಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಬಾಯಿಂದ ಬಂದದ್ದು ಬೀದಿಯ ಮಾತೇ.

“ಬಾರಪ್ಪ” ಎಂದು ಕೂಗಿದರು. “ಬಂದು ಅವಳಿಗೊಂದು ಉತ್ತರ ಕೊಟ್ಟು ಹೋಗು.”